ಹಳೇ ಟೀವಿ ಶೋಕೇಸು, ಟ್ರಂಕು, ಕಂಪ್ಯೂಟರ್ ಟೇಬಲ್ಲಿಂದ ಬೆಕ್ಕಿಗೊಂದು ಗೂಡು: ಪದೇ ಪದೇ ಕೇಳೋ ಪ್ರಶ್ನೆಗಳು

ಬೆಕ್ಕು ಸಾಕಿರೋರು ಎದುರಿಗೆ ಸಿಕ್ಕಾಗ, ಫೋನಲ್ಲಿ, ಕಾಮೆಂಟಲ್ಲಿ ತಿರುಗಾ ಮುರುಗಾ ಕೇಳೋ ಪ್ರಶ್ನೆಗಳನ್ನ ಒಂದು ಕಡೆ ಹಾಕಿದೀನಿ. ಸುಲಭದ್ದು ಮೊದಲು, ಗರಗಸ ಹಿಡಿಯೋದು ಆಮೇಲೆ, ತಲೆನೋವಿಂದು ಕೊನೇಲಿ. ನಿಮಗೆ ಬೇಕಾದ್ದಷ್ಟೇ ಓದ್ಕೊಂಡು ಹೋಗಿ ಪರ್ವಾಗಿಲ್ಲ, ಆದ್ರೆ ಬಾಗಿಲಿನ ಬಗ್ಗೆ ಇರೋ ಪ್ರಶ್ನೆ ಮಾತ್ರ ಬಿಡ್ಬೇಡಿ.

## ಶುರು ಮಾಡೋಕೆ ಮುಂಚೆ

ಮನೆ ತುಂಬ ಸೋಫಾ, ಮಂಚ, ದಿಂಬು ಎಲ್ಲಾ ಇದೆ, ಆದ್ರೂ ನಮ್ಮ ಬೆಕ್ಕು ಬೀರು ಹಿಂದೆ ಧೂಳಲ್ಲೇ ಹೋಗಿ ಕೂರತ್ತೆ. ಅದಕ್ಕೆ ಬೇರೆ ಗೂಡು ಬೇಕಾ?

ಬೇಕು, ಅದಕ್ಕೇ ಅದು ಬೀರು ಹಿಂದೆ ಹೋಗ್ತಿರೋದು. ಬೆಕ್ಕು ಬೇಟೆಗಾರ ಪ್ರಾಣಿ ಅಂತ ನಾವು ಅಂದ್ಕೋತೀವಿ, ನಿಜ, ಆದ್ರೆ ಅದರ ಸೈಜು ನೋಡಿ, ನಾಯಿ ನರಿಗೆ ಅದೇ ಬೇಟೆ ಕೂಡ. ಹಾಗಾಗಿ ಗಾಬರಿ ಆದಾಗ, ಸುಸ್ತಾದಾಗ, ಮನೆಗೆ ನೆಂಟರು ಬಂದು ಗಲಾಟೆ ಆದಾಗ ಅದಕ್ಕೆ ಮೂರು ಕಡೆ ಗೋಡೆ, ತಲೆ ಮೇಲೊಂದು ಸೂರು, ಯಾರು ಬರ್ತಿದಾರೆ ಅಂತ ನೋಡೋಕೆ ಒಂದು ಕಿಂಡಿ ಬೇಕು. ಸೋಫಾ ಎಷ್ಟೇ ಮೆತ್ತಗಿದ್ರೂ ಇದರಲ್ಲಿ ಒಂದನ್ನೂ ಕೊಡಲ್ಲ. ನೆದರ್ಲ್ಯಾಂಡ್ಸ್‌ನ ಒಂದು ಶೆಲ್ಟರಲ್ಲಿ ಹೊಸದಾಗಿ ಬಂದ 19 ಬೆಕ್ಕುಗಳ ಪೈಕಿ ಕೆಲವಕ್ಕೆ ಬಚ್ಚಿಟ್ಕೊಳೋ ಪೆಟ್ಟಿಗೆ ಕೊಟ್ಟು, ಉಳಿದವಕ್ಕೆ ಕೊಡದೇ ನೋಡಿದ್ರು. ಪೆಟ್ಟಿಗೆ ಸಿಕ್ಕಿದ ಬೆಕ್ಕುಗಳು ಬೇಗ ಹೊಂದ್ಕೊಂಡ್ವು, ಸ್ಟ್ರೆಸ್ಸೂ ಬೇಗ ಇಳೀತು ಅಂತ 2014ರಲ್ಲಿ ಪ್ರಕಟ ಮಾಡಿದ್ರು. ಬೆಕ್ಕಿನ ಡಾಕ್ಟರುಗಳ ಎರಡು ಸಂಘಗಳು, ಒಂದು ಅಮೆರಿಕದ್ದು, ಇನ್ನೊಂದು ಅಂತರರಾಷ್ಟ್ರೀಯ, ಸೇರಿ 2013ರಲ್ಲಿ ಬೆಕ್ಕಿಗೆ ಮನೆಯೊಳಗೆ ಏನೇನು ಬೇಕು ಅಂತ ಐದು ಅಂಶ ಬರೆದಾಗ ಮೊದಲನೇದಾಗಿ ಹಾಕಿದ್ದೂ ಇದನ್ನೇ, ಸುರಕ್ಷಿತ ಜಾಗ.

ಪೆಟ್ ಶಾಪಲ್ಲಿ ರೆಡಿಮೇಡ್ ಕ್ಯಾಟ್ ಹೌಸ್ ಸಿಗತ್ತಲ್ಲ, ಅದನ್ನೇ ತಗೊಂಡ್ರೆ ಆಗಲ್ವಾ?

ಆಗತ್ತೆ, ಬೇಡ ಅನ್ನಲ್ಲ. ಆದ್ರೆ ಕಮ್ಮಿ ರೇಟಿನವು ಬಹಳ ಹಗುರ, ನಾಕು ಕೆಜಿ ಬೆಕ್ಕು ಓಡಿ ಬಂದು ಹಾರಿದ್ರೆ ಅಲ್ಲಾಡ್ತವೆ, ಒಂದ್ಸಲ ಅಲ್ಲಾಡಿದ್ದರ ಹತ್ರ ಬೆಕ್ಕು ಮತ್ತೆ ಹೋಗೋದು ಕಷ್ಟ. ಹಳೇ ಸಾಮಾನಿನ ದೊಡ್ಡ ಪ್ಲಸ್ ಪಾಯಿಂಟ್ ಅದರ ತೂಕ. ಜೊತೆಗೆ ನಿಮ್ಮ ಮನೆ ವಾಸನೆ ಅದಕ್ಕೆ ಆಗಲೇ ಹಿಡಿದಿರತ್ತೆ, ಬೆಕ್ಕಿಗೆ ಅದು ಅಪರಿಚಿತ ವಸ್ತು ಅಲ್ಲ.

ಗೂಡು ಎಷ್ಟು ದೊಡ್ಡದಿರ್ಬೇಕು? ಆರಾಮಾಗಿರ್ಲಿ ಅಂತ ದೊಡ್ಡದಾಗೇ ಮಾಡ್ಬೋದಾ?

ಬೇಡ. ಸುತ್ತಿಕೊಂಡು ಮಲಗಿದಾಗ ಬೆನ್ನು ಗೋಡೆಗೆ ತಾಗ್ಬೇಕು, ಅಷ್ಟು ಚಿಕ್ಕದಿದ್ರೇ ಅದಕ್ಕೆ ಧೈರ್ಯ. ನಮ್ಮ ಮಾಮೂಲಿ ನಾಟಿ ಬೆಕ್ಕು ಮೂರರಿಂದ ಐದು ಕೆಜಿ ಇರತ್ತೆ, ಅದಕ್ಕೆ ಒಳಗಡೆ ಸುಮಾರು 45 ಸೆಂ.ಮೀ. ಉದ್ದ, 40 ಅಗಲ, 35ರಿಂದ 40 ಎತ್ತರ ಸಾಕು. ಒಳಗೆ ಹೋಗೋ ತೂತು 16ರಿಂದ 18 ಸೆಂ.ಮೀ., ದಪ್ಪ ಪರ್ಷಿಯನ್ ಆದ್ರೆ 20. ನಿಮ್ಮ ಸಾಮಾನು ಇದಕ್ಕಿಂತ ದೊಡ್ಡದಿದ್ರೆ ಒಳಗೆ ಒಂದು ಪ್ಲೈವುಡ್ ತುಂಡು ಅಡ್ಡ ನಿಲ್ಲಿಸಿ ಎರಡು ಕೋಣೆ ಮಾಡಿ.

ಕಷ್ಟಪಟ್ಟು ಮಾಡಿದ್ಮೇಲೆ ಅದು ಹೋಗ್ದೇ ಇದ್ರೆ? ಮೊದಲೇ ಗೊತ್ತಾಗೋ ಥರ ಏನಾದ್ರೂ ಇದ್ಯಾ?

ಇದೆ, ಒಂದು ರಟ್ಟಿನ ಡಬ್ಬ. ಆನ್‌ಲೈನ್ ಆರ್ಡರ್ ಬಂದಿದ್ದೋ, ಕಿರಾಣಿ ಅಂಗಡಿದೋ, ಮೇಲೆ ಹೇಳಿದ ಅಳತೆಗೆ ಹತ್ರ ಇರೋದು ತಗೊಂಡು ಒಂದು ಕಡೆ ತೂತು ಕತ್ತರಿಸಿ, ಗೂಡು ಎಲ್ಲಿ ಇಡ್ಬೇಕು ಅಂದ್ಕೊಂಡಿದೀರೋ ಅಲ್ಲೇ ಒಂದು ವಾರ ಇಡಿ. ಅದರಲ್ಲಿ ಮಲಗಿದ್ರೆ ಜಾಗ ಸರಿ ಇದೆ ಅಂತ, ಮಲಗದೇ ಇದ್ರೆ ಡಬ್ಬನ ಬೇರೆ ಮೂಲೆಗೆ ತಳ್ಳಿ ನೋಡಿ. ಮರಕ್ಕೆ ಗರಗಸ ಹಾಕೋದು ಈ ಪರೀಕ್ಷೆ ಆದ್ಮೇಲೇನೇ. ಜನ ಬಣ್ಣ, ಡಿಸೈನ್ ಅಂತ ತಲೆ ಕೆಡಿಸ್ಕೋತಾರೆ, ಬೆಕ್ಕು ನೋಡೋದು ಜಾಗಾನ.

## ಯಾವ ಸಾಮಾನು ಒಳ್ಳೇದು

ಹಳೇ ಡಬ್ಬ ಟೀವಿ ಇಡ್ತಿದ್ದ ಶೋಕೇಸ್ ಇದೆ, ಈಗಿನ ಟೀವಿ ಗೋಡೆ ಮೇಲೆ ಹೋಯ್ತು. ಇದು ಉಪಯೋಗಕ್ಕೆ ಬರತ್ತಾ?

ನನ್ನ ಕೇಳಿದ್ರೆ ಇದಕ್ಕಿಂತ ಒಳ್ಳೆ ಸಾಮಾನು ಇಲ್ಲ. ಪಿಕ್ಚರ್ ಟ್ಯೂಬಿನ ಟೀವಿಗೆ ಹಿಂದುಗಡೆ ಉದ್ದದ ಹೊಟ್ಟೆ ಇತ್ತಲ್ಲ, ಅದಕ್ಕೇ ಆ ಕಾಲದ ಶೋಕೇಸುಗಳು 50 ಸೆಂ.ಮೀ. ಆಸುಪಾಸು ಆಳ ಇರ್ತವೆ, ಬೆಕ್ಕು ಪೂರ್ತಿ ಹಿಂದೆ ಸರಿದು ಕತ್ತಲಲ್ಲಿ ಕೂತು ಹಾಲ್ ಎಲ್ಲಾ ನೋಡ್ಬೋದು. ಹಿಂದಿನ ಪ್ಲೈನಲ್ಲಿ ವೈರ್ ಹೋಗೋಕೆ ತೂತು, ಬಿಸಿ ಗಾಳಿ ಹೋಗೋಕೆ ಸಂದಿ ಆಗಲೇ ಮಾಡಿರ್ತಾರೆ, ಗಾಳಿಯಾಟದ ಚಿಂತೆ ಇಲ್ಲ.

ಮೊದಲು ಜಾರೋ ಗಾಜುಗಳನ್ನ ಮೇಲಕ್ಕೆತ್ತಿ ಕೆಳಗಿಂದ ಎಳೆದು ತೆಗೀರಿ, ಹಳೇ ಗಾಜು ಒಡೆದ್ರೆ ಚೂರುಚೂರಾಗಿ ಚುಚ್ಚತ್ತೆ, ಅದನ್ನ ಉಳಿಸ್ಕೊಳೋ ಆಸೆ ಬೇಡ. ಆಮೇಲೆ ಒಳಗೆ ಮೊಳೆ ಹೊಡೆದು ಬಿಟ್ಟಿರೋ ಹಳೇ ಕೇಬಲ್, ಸ್ಪೈಕ್ ಬಸ್ಟರ್, ಆ್ಯಂಟೆನಾ ವೈರು ಎಲ್ಲಾ ಕಿತ್ತು, ಮೊಳೆ ತುದಿ ಎಲ್ಲಾದ್ರೂ ಆಚೆ ಬಂದಿದ್ಯಾ ಅಂತ ಬರೀ ಕಣ್ಣಲ್ಲಿ ನೋಡಿದ್ರೆ ಸಾಲದು, ಒಂದು ಹಳೇ ಕಾಲುಚೀಲ ಕೈಗೆ ಹಾಕ್ಕೊಂಡು ಒಳಗಡೆ ಎಲ್ಲಾ ಸವರಿ, ಎಲ್ಲಿ ಸಿಕ್ಕಾಕೊಳತ್ತೋ ಅಲ್ಲಿ ಮೊಳೆನೋ ಸಿಬಿರೋ ಇದೆ ಅಂತ ಅರ್ಥ. ಟೀವಿ ಇಡ್ತಿದ್ದ ದೊಡ್ಡ ಕೋಣೆ ಮುಂಭಾಗಕ್ಕೆ ಅರ್ಧ ಮಾತ್ರ ಮುಚ್ಚೋ ಥರ ಪ್ಲೈ ಹಾಕಿ, ಉಳಿದರ್ಧ ಖಾಲಿ ಬಿಡಿ. ಕೆಳಗೆ ವಿಸಿಆರ್ ಇಡ್ತಿದ್ದ ಚಪ್ಪಟೆ ಕೋಣೆ ಬೆಕ್ಕಿಗೆ ಗಿಡ್ಡ ಆಗತ್ತೆ, ಅಲ್ಲಿ ಬ್ರಷ್ಷು, ಆಟದ ಸಾಮಾನು ಇಟ್ಕೊಳಿ.

ಕಂಪ್ಯೂಟರ್ ಟೇಬಲ್‌ದು ಸಿಪಿಯು ಇಡೋ ಜಾಗದಲ್ಲಿ ಆಗಲೇ ಹೋಗಿ ಕೂರತ್ತೆ, ಅದನ್ನೇ ಗೂಡು ಮಾಡ್ಲಾ?

ಮಾಡಿ, ಬೆಕ್ಕೇ ಜಾಗ ತೋರಿಸಿದ್ಮೇಲೆ ಇನ್ನೇನು. ಆ ಸಂದಿ ಅಗಲ ಕಮ್ಮಿ ಇರತ್ತೆ, ಕೂರಬೋದು, ಕಾಲು ಚಾಚಿ ಮಲಗೋಕಾಗಲ್ಲ. ಹಾಗಾಗಿ ಮಧ್ಯದ ಅಡ್ಡ ಹಲಗೆ ಬಿಚ್ಚಿ ಕಾಲಿಡೋ ಜಾಗಕ್ಕೆ ಸೇರಿಸಿ. ಆದ್ರೆ ಬಿಚ್ಚೋ ಮುಂಚೆ ಆ ಹಲಗೆ ಮೇಲಿನ ಟಾಪಿಗೆ ಆಧಾರ ಆಗಿದ್ಯಾ ನೋಡಿ, ಆಗಿದ್ರೆ ಪೂರ್ತಿ ತೆಗೀಬೇಡಿ, ಅದರಲ್ಲೇ ದೊಡ್ಡ ತೂತು ಕೊರೀರಿ. ಕೀಬೋರ್ಡ್ ಟ್ರೇ ಮಾತ್ರ ಅದರ ಚಾನಲ್ ಸಮೇತ ಬಿಚ್ಚಿ ಎಸೀರಿ, ಆ ಚಾನಲ್ಲಿಗೆ ಬಾಲ ಸಿಕ್ಕಾಕೊಳತ್ತೆ. ಈ ಟೇಬಲ್ಲುಗಳು ಜಾಸ್ತಿ ಪಾರ್ಟಿಕಲ್ ಬೋರ್ಡಿನವು, ನೀರು ತಾಗಿ ಅಂಚು ಉಬ್ಬಿ ಹುಡಿ ಉದುರ್ತಿದ್ರೆ ಅಲ್ಲಿಗೆ ಎಡ್ಜ್ ಬ್ಯಾಂಡ್ ಅಂಟಿಸಿ ಮುಚ್ಚಿ, ಉಬ್ಬಿದ್ದು ತುಂಬ ಇದ್ರೆ ಗುಜರಿಗೇ ಹಾಕಿ.

ಅಜ್ಜಿದು ಕಾಲಲ್ಲಿ ತುಳಿಯೋ ಹೊಲಿಗೆ ಮಷೀನ್ ಮೂಲೇಲಿ ಬಿದ್ದಿದೆ...

ಮಷೀನ್ ಓಡ್ತಿದ್ರೆ ಅದನ್ನ ಹಾಳು ಮಾಡ್ಬೇಡಿ, ಸ್ಟ್ಯಾಂಡಿನ ಕೆಳಗಡೆ ಜಾಗ ಮಾತ್ರ ಬಳಸ್ಕೊಳಿ. ಬೆಲ್ಟ್ ತೆಗೆದು, ಚಕ್ರನ ಕಬ್ಬಿಣದ ಕಾಲಿಗೆ ದಪ್ಪ ತಂತಿಯಿಂದ ಕಟ್ಟಿ, ಪೆಡಲ್ಲನ್ನೂ ಎರಡು ಕಡೆ ಬಿಗಿರಿ, ಒಂದಿಂಚೂ ಅಲ್ಲಾಡಬಾರದು. ಅದರ ಮೇಲೆ ಒಂದು ಹಲಗೆ ಕೂರಿಸಿ ಹಾಸಿಗೆ ಹಾಕಿದ್ರೆ ಆಯ್ತು. ಮೂರು ಕಡೆ ಹಳೇ ಕಾಟನ್ ಸೀರೆ ಇಳಿಬಿಡಿ. ಅಜ್ಜಿ ಇದ್ರೆ ಒಂದು ಮಾತು ಕೇಳಿ, ಸೀರೆಗೂ ಮಷೀನಿಗೂ ಎರಡಕ್ಕೂ.

ಕಬ್ಬಿಣದ ಟ್ರಂಕಲ್ಲಿ ಮಾಡ್ಬೋದಾ? ಬಿಸಿ ಆಗಲ್ವಾ?

ಬಿಸಿಲು ಬೀಳೋ ಬಾಲ್ಕನೀಲಿ ಇಟ್ರೆ ಇಡ್ಲಿ ಪಾತ್ರೆ ಆಗತ್ತೆ, ಒಳಗಡೆ ರೂಮಲ್ಲಿ ಇಟ್ರೆ ಏನೂ ಆಗಲ್ಲ. ಮಾಡೋ ವಿಧಾನ ಸುಲಭ: ಮುಚ್ಚಳದ ಕೀಲಿನ ಪಿನ್ನು ಸಣ್ಣ ಮೊಳೆ ಇಟ್ಟು ತಟ್ಟಿದ್ರೆ ಆಚೆ ಬರತ್ತೆ, ಮುಚ್ಚಳ ತೆಗೆದು ಬಿಡಿ. ಕೊಂಡಿ, ಬೀಗದ ಚಿಲಕ ಇವೂ ಹೋಗ್ಲಿ. ಟ್ರಂಕನ್ನ ಪಕ್ಕಕ್ಕೆ ಮಗುಚಿ ಇಟ್ರೆ ಬಾಯಿ ಎದುರಿಗೆ ಬರತ್ತೆ. ಈಗ ಅಂಚು, ಅದು ಕುಯ್ಯತ್ತೆ. ಗಿಡಕ್ಕೆ ನೀರು ಹಾಕೋ ಪೈಪು ಇದ್ಯಲ್ಲ, ಅದನ್ನ ಬ್ಲೇಡಲ್ಲಿ ಉದ್ದಕ್ಕೆ ಸೀಳಿ ಅಂಚಿನ ಸುತ್ತ ಕಚ್ಚಿಸ್ತಾ ಹೋಗಿ, ಮೂಲೇಲಿ ಒಂದೊಂದು ಚೂರು ಕತ್ತರಿಸಿದ್ರೆ ನೀಟಾಗಿ ಮಡಚಿಕೊಳತ್ತೆ. ಬಟ್ಟೆ ಟೇಪು ಸುತ್ತಿದ್ರೆ ಬೆಕ್ಕು ಕಿತ್ತು ಹಾಕತ್ತೆ.

ಇನ್ನೊಂದು ವಿಷಯ, ಟ್ರಂಕಲ್ಲಿ ರೇಷ್ಮೆ ಸೀರೆ ಇಡ್ತಿದ್ರು ಅಂದ್ರೆ ಡಾಂಬರ್ ಗುಳಿಗೆ ಹಾಕಿರ್ತಾರೆ. ಆ ನ್ಯಾಫ್ತಲೀನ್ ಬೆಕ್ಕಿಗೆ ವಿಷ, ಗುಳಿಗೆ ಕರಗಿ ಹೋದ್ಮೇಲೂ ವಾಸನೆ ಉಳಿದಿರತ್ತೆ. ಸೋಪು ನೀರಲ್ಲಿ ತೊಳೆದು, ಬಾಯಿ ತೆಗೆದು ಬಿಸಿಲಲ್ಲಿ ಇಟ್ಟು, ಮೂಗು ಒಳಗಿಟ್ಟು ಮೂಸಿದ್ರೂ ವಾಸನೆ ಬರ್ದೇ ಇರೋವರೆಗೂ ಬೆಕ್ಕನ್ನ ಬಿಡ್ಬೇಡಿ.

ಹಳೇ ಸ್ಟೀಲ್ ಬೀರು? ತುಂಬ ಜಾಗ ಇದೆ ಅದರಲ್ಲಿ.

ಬೇಡ. ಎತ್ತರದ ಬೀರು ಮಗುಚೋ ಭಯ ಒಂದು, ಬಾಗಿಲು ಜಡಿದುಕೊಂಡು ಬೆಕ್ಕು ಒಳಗೇ ಉಳಿಯೋ ಭಯ ಇನ್ನೊಂದು. ಎರಡೂ ಬಾಗಿಲು ಕೀಳಿಸಿ, ಗೋಡೆಗೆ ಬೋಲ್ಟ್ ಹಾಕ್ಸೋಕೆ ತಯಾರಿದ್ರೆ ಮಾತ್ರ ಯೋಚನೆ ಮಾಡಿ.

ತೊಟ್ಟಿಲು ಇದೆ, ಬೆಕ್ಕು ಮಲಗಿದ್ರೆ ಎಷ್ಟು ಕ್ಯೂಟ್ ಅಲ್ವಾ?

ಫೋಟೋಗೆ ಕ್ಯೂಟು. ತೂಗಾಡೋ ಜಾಗ ಎಷ್ಟೋ ಬೆಕ್ಕಿಗೆ ಆಗಿಬರಲ್ಲ, ಆಮೇಲೆ ಮನೆ ತೊಟ್ಟಿಲಲ್ಲಿ ಬೆಕ್ಕು ಮಲಗಿಸಿದೀರ ಅಂತ ಹಿರಿಯರ ಹತ್ರ ಬೈಸ್ಕೊಳೋದು ನೀವು. ಮಾಡ್ಲೇಬೇಕು ಅಂದ್ರೆ ತೂಗದ ಹಾಗೆ ಸ್ಟ್ಯಾಂಡಿಗೆ ಸ್ಕ್ರೂ ಹಾಕಿ, ಸರಳಿನ ಸಂದೀಲಿ ತಲೆ ಸಿಕ್ಕಾಕೊಳದ ಹಾಗೆ ಒಳಗಿಂದ ಬಟ್ಟೆ ಕಟ್ಟಿ.

ಯಾವ್ದನ್ನ ಮುಟ್ಟಲೇಬಾರದು?

ರಿಕ್ಲೈನರ್ ಕುರ್ಚಿ ಮತ್ತೆ ಸೋಫಾ ಕಮ್ ಬೆಡ್. ಬೆಕ್ಕು ಒಳಗಿನ ಮೆಕ್ಯಾನಿಸಂ ಸಂದೀಲಿ ನುಗ್ಗಿರೋವಾಗ ಯಾರೋ ಮಡಚಿದ್ರೆ ಮುಗೀತು. ಕೆಟ್ಟು ನಿಂತ ಫ್ರಿಜ್ಜೂ ಅಷ್ಟೇ, ಒಳಗಡೆ ಗಾಳಿ ಹೋಗಲ್ಲ. ಇನ್ನು ಅಜ್ಜನ ಕಾಲದ ಬೀಟೆ ಮರದ ಪೆಟ್ಟಿಗೆಗೆ ತೂತು ಕೊರೆಯೋಕೆ ಹೊರಟೋರೂ ಇದಾರೆ, ದಯವಿಟ್ಟು ಬೇಡ, ಆ ಮರ ಈಗ ಹುಡುಕಿದ್ರೂ ಸಿಗಲ್ಲ, ಬೆಕ್ಕಿಗೆ ಹಳೇ ಪ್ಲೈವುಡ್ಡೂ ಒಂದೇ ಬೀಟೆನೂ ಒಂದೇ.

ಮನೇಲಿ ಹಳೇದೇನೂ ಇಲ್ಲ. ಎಲ್ಲಿ ತಗೊಳೋದು?

ನಿಮ್ಮ ಏರಿಯಾ ಗುಜರಿ ಅಂಗಡಿ ಮೊದಲು. ಬೆಂಗಳೂರಲ್ಲಿ ಶಿವಾಜಿನಗರದ ಗುಜರಿ, ಭಾನುವಾರ ಚಿಕ್ಕಪೇಟೆ ಕಡೆ ಸಂಡೇ ಬಜಾರು. ಅಪಾರ್ಟ್‌ಮೆಂಟಲ್ಲಿದ್ರೆ ತಿಂಗಳ ಕೊನೇಲಿ ಮನೆ ಖಾಲಿ ಮಾಡೋರು ಸೆಕ್ಯುರಿಟಿ ಹತ್ರ ಬಿಟ್ಟು ಹೋಗೋ ಶೂ ರ್‍ಯಾಕು, ಸೈಡ್ ಟೇಬಲ್ಲು ನೋಡ್ತಿರಿ. ಬಟ್ಟೆ, ಫೋಮ್ ಇರೋ ಸಾಮಾನು ಹೊರಗಿಂದ ತರ್ಬೇಡಿ, ತಿಗಣೆ ಭಯ, ಅದರ ಬಗ್ಗೆ ಮುಂದಿನ ಪ್ರಶ್ನೇಲಿದೆ.

## ಕ್ಲೀನ್ ಮಾಡೋದು

ತಿಗಣೆ, ಗೆದ್ದಲು, ಕುಟ್ಟೆ ಇದ್ಯಾ ಅಂತ ಹೆಂಗೆ ಗೊತ್ತಾಗತ್ತೆ? ಇದ್ರೆ ಸೀಮೆಎಣ್ಣೆ ಹಾಕಿದ್ರೆ ಸಾಕಾ?

ತಿಗಣೆ ಇರೋ ಕಡೆ ಕೀಲಿನ ಸಂದಿ, ಸ್ಕ್ರೂ ತಲೆ ಸುತ್ತ ಮಸಿ ಚುಕ್ಕೆ ಥರ ಕಲೆ ಇರತ್ತೆ. ಕುಟ್ಟೆ ಹುಳ ಇದ್ರೆ ಸೂಜಿ ತೂತುಗಳು, ಕೆಳಗೆ ನುಣ್ಣನೆ ಹುಡಿ. ಗೆದ್ದಲು ಇದ್ರೆ ತಟ್ಟಿದಾಗ ಪೊಳ್ಳು ಸದ್ದು. ಗೆದ್ದಲು ಹಿಡಿದಿದ್ದನ್ನ ಮನೆಯೊಳಗೇ ತರ್ಬೇಡಿ, ಗೂಡಿನ ಆಸೆಗೆ ಬಾಗಿಲು ಚೌಕಟ್ಟು ಕಳ್ಕೋತೀರ. ತಿಗಣೆಗೆ ಹಳೇ ಕಾಲದ ಉಪಾಯನೇ ಒಳ್ಳೇದು, ಸಂದಿ ಸಂದಿಗೆ ಕುದಿಯೋ ನೀರು ಹುಯ್ದು, ಬೇಸಿಗೆ ಬಿಸಿಲಲ್ಲಿ ಎರಡು ಮೂರು ದಿನ ಒಣಗಿಸೋದು; ಗಟ್ಟಿ ಮರಕ್ಕೆ ನಡೆಯತ್ತೆ, ಪ್ಲೈ, ಪಾರ್ಟಿಕಲ್ ಬೋರ್ಡಿಗೆ ನೀರು ಹಾಕ್ಬೇಡಿ.

ಸೀಮೆಎಣ್ಣೆ, ಗೆದ್ದಲು ಔಷಧಿ, ಸೊಳ್ಳೆ ಸ್ಪ್ರೇ ಯಾವ್ದೂ ಬೇಡ. ಹುಳದ ಔಷಧಿಗಳಲ್ಲಿ ಬರೋ ಪರ್ಮೆಥ್ರಿನ್ ನಾಯಿ ತಡ್ಕೊಳತ್ತೆ, ಬೆಕ್ಕು ತಡ್ಕೊಳಲ್ಲ, ನಡುಕ ಬಂದು ಫಿಟ್ಸ್ ಆಗಿ ಸಾಯೋದೂ ಇದೆ. ನಾಯಿಗೆ ಹಾಕೋ ಉಣ್ಣೆ ಔಷಧಿ ಗೂಡಿಗೆ ಚಿಮುಕಿಸೋ ಅಭ್ಯಾಸ ಇದ್ರೆ ಇವತ್ತೇ ಬಿಡಿ.

ಫಿನಾಯಿಲ್ ಹಾಕಿ ಚೆನ್ನಾಗಿ ತೊಳೆದ್ರೆ ಕ್ರಿಮಿ ಎಲ್ಲಾ ಹೋಗತ್ತೆ ಅಲ್ವಾ?

ಕ್ರಿಮಿ ಹೋಗತ್ತೆ, ಬೆಕ್ಕಿಗೂ ತೊಂದ್ರೆ ಆಗತ್ತೆ. ನಮ್ಮ ಲಿವರ್ ಫಿನಾಲ್ ಜಾತಿಯ ರಾಸಾಯನಿಕಗಳನ್ನ ಒಂದು ಕಿಣ್ವದ ಸಹಾಯದಿಂದ ಬದಲಾಯಿಸಿ ಆಚೆ ಹಾಕತ್ತೆ, ಬೆಕ್ಕಿನಲ್ಲಿ ಆ ಕಿಣ್ವದ ಜೀನ್ ಕೆಲಸ ಮಾಡಲ್ಲ. ಅದರ ಮೇಲೆ ಮಲಗಿ ಎದ್ದು ಮೈಯೆಲ್ಲಾ ನೆಕ್ಕಿಕೊಳತ್ತಲ್ಲ, ಒಳಗೆ ಹೋಗೋದು ಹಾಗೆ. ಕಪ್ಪು ಫಿನಾಯಿಲ್, ಡೆಟಾಲ್ ಥರದ್ದು, ನೀಲಗಿರಿ ಎಣ್ಣೆ, ಟೀ ಟ್ರೀ ಆಯಿಲ್, ಕರ್ಪೂರ ಎಲ್ಲವೂ ಇದೇ ಲಿಸ್ಟಿಗೆ. ಪಾತ್ರೆ ತೊಳೆಯೋ ಸೋಪಿನ ನೀರು, ಆಮೇಲೆ ಬರೀ ನೀರಲ್ಲಿ ಎರಡು ಸಲ ಒರೆಸಿ, ಬಿಸಿಲು. ಇಷ್ಟೇ ಸಾಕು.

ಹಳೇ ಬಣ್ಣ ಸುಲಿದು ಬರ್ತಿದೆ, ಉಜ್ಜಿ ತೆಗೀಲಾ?

ಹುಷಾರು. ಮನೆ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಅನ್ನೋ ನಿಯಮ ನಮ್ಮ ದೇಶದಲ್ಲಿ 2016ರಲ್ಲಿ ಬಂದು 2017ರ ನವೆಂಬರಿಂದ ಜಾರಿ ಆಯ್ತು. ಅದಕ್ಕೂ ಹಿಂದಿನ ಎನಾಮಲ್ ಪೇಂಟು, ಅದರಲ್ಲೂ ಹಳದಿ, ಕೆಂಪು, ಹಸಿರು ಇದ್ರೆ ಸೀಸ ಇರೋ ಸಾಧ್ಯತೆ ಇದೆ ಅಂತಲೇ ಇಟ್ಕೊಳಿ. ಒಣ ಉಪ್ಪುಕಾಗದದಲ್ಲಿ ಉಜ್ಜಿದ್ರೆ ಧೂಳು ನಿಮ್ಮ ಮಕ್ಕಳ ಮೂಗಿಗೂ ಹೋಗತ್ತೆ, ಬೆಕ್ಕಿನ ಪಂಜಕ್ಕೂ ಅಂಟತ್ತೆ. ನೀರು ಹಾಕ್ಕೊಂಡು ವಾಟರ್ ಪೇಪರಲ್ಲಿ ಹೊರಗಡೆ ಉಜ್ಜಿ, ಮಾಸ್ಕ್ ಹಾಕ್ಕೊಳಿ, ಒದ್ದೆ ಕೆಸರನ್ನ ಹಳೇ ಪೇಪರಲ್ಲಿ ಸುತ್ತಿ ಬಿಸಾಕಿ. ಪದರ ಪದರ ಏಳ್ತಿರೋ ಸಾಮಾನಾದ್ರೆ ಅದನ್ನ ಬಿಟ್ಟು ಬೇರೆ ನೋಡೋದು ಸಲೀಸು.

## ಕೈಗೆ ಗರಗಸ ತಗೊಂಡ್ಮೇಲೆ

ಜಿಗ್‌ಸಾ ಮಷೀನ್ ಇಲ್ಲ. ದುಂಡಗೆ ತೂತು ಕೊರೆಯೋದು ಹೆಂಗೆ?

ತಿಂಡಿ ತಟ್ಟೆ ಸುಮಾರು 18 ಸೆಂ.ಮೀ. ಇರತ್ತೆ, ಅದನ್ನ ಕವುಚಿ ಹಾಕಿ ಪೆನ್ಸಿಲ್ಲಲ್ಲಿ ಗೆರೆ ಎಳೀರಿ. ತೂತಿನ ಕೆಳಗಿನ ಅಂಚು ಗೂಡಿನ ತಳದಿಂದ ಎಂಟು ಹತ್ತು ಸೆಂ.ಮೀ. ಮೇಲಿರ್ಲಿ, ಇಲ್ಲಾಂದ್ರೆ ಹಾಸಿಗೆ ಆಚೆ ಬರತ್ತೆ, ನೆಲದ ಗಾಳಿ ಒಳಗೆ ಹೊಡೆಯತ್ತೆ. ಸರಿಯಾಗಿ ಮಧ್ಯಕ್ಕೆ ಬೇಡ, ಒಂದು ಪಕ್ಕಕ್ಕೆ ಮಾಡಿ, ಆಗ ಇನ್ನೊಂದು ಪಕ್ಕ ಮರೆ ಮೂಲೆ ಸಿಗತ್ತೆ. ಗೆರೆ ಮೇಲೆ ಮಾಸ್ಕಿಂಗ್ ಟೇಪ್ ಅಂಟಿಸಿ, ಸನ್ಮೈಕಾ ಚಕ್ಕೆ ಏಳೋದು ಕಮ್ಮಿ ಆಗತ್ತೆ. ಗೆರೆ ಒಳಗಡೆ ಡ್ರಿಲ್ಲಲ್ಲಿ 10 ಎಂ.ಎಂ. ತೂತು ಹಾಕಿ, ಅಲ್ಲಿಂದ ಚೂಪು ಮೂತಿಯ ಕೈ ಗರಗಸ ತೂರಿಸಿ ನಿಧಾನಕ್ಕೆ ಸುತ್ತಿ ಬನ್ನಿ. ಆಮೇಲೆ 80, 120, 220 ನಂಬರ್ ಉಪ್ಪುಕಾಗದ, ಇದೇ ಕ್ರಮದಲ್ಲಿ. ಅಂಚಿನ ಮೇಲೆ ನಿಮ್ಮ ಮೊಣಕೈ ಒಳಭಾಗ ಉಜ್ಜಿ ನೋಡಿ, ಚುಚ್ಚದೇ ಇದ್ರೆ ಮುಗೀತು.

ಇದೆಲ್ಲಾ ಬೇಜಾರು ಅನ್ನೋರು ಮನೆ ಹತ್ರ ಎಲ್ಲಾದ್ರೂ ಇಂಟೀರಿಯರ್ ಕೆಲಸ ನಡೀತಿದ್ರೆ ಆಚಾರಿ ಹತ್ರ ಹೋಗಿ, ಗೆರೆ ಎಳೆದು ತಗೊಂಡು ಹೋದ್ರೆ ಟೀ ಕುಡಿಯೋ ಹೊತ್ತಲ್ಲಿ ಕೊರೆದು ಕೊಡ್ತಾರೆ.

ಬಾಗಿಲು ಹಂಗೇ ಇರ್ಲಿ ಅಂತಿದಾರೆ ನಮ್ಮನೇಲಿ, ನೆಂಟರು ಬಂದಾಗ ಮುಚ್ಚಿದ್ರೆ ನೀಟಾಗಿ ಕಾಣತ್ತಂತೆ.

ಮುಚ್ಚೋಕೆ ಬರೋದು ಯಾವ್ದೂ ಗೂಡಲ್ಲಿ ಉಳೀಬಾರದು. ಬೀಗ, ಮ್ಯಾಗ್ನೆಟ್, ಸ್ಪ್ರಿಂಗ್ ಕೀಲು, ಟವರ್ ಬೋಲ್ಟು, ಎಲ್ಲಾ ಬಿಚ್ಚಿ. ಒಳಗೆ ಬೆಕ್ಕು ಇದೆ ಅಂತ ಗೊತ್ತಿಲ್ದೇ ಕೆಲಸದೋರು ಕಸ ಗುಡಿಸ್ತಾ ತಳ್ಳಿ ಮುಚ್ಚಿ ಹೋಗೋದು, ನೀವು ಊರಿಗೆ ಹೋಗೋದು, ಇಂಥದ್ದು ನಡೆಯೋಕೆ ಒಂದು ನಿಮಿಷ ಸಾಕು. ಇನ್ನೊಂದು ಕಾರಣನೂ ಇದೆ: ಒಂದೇ ಒಂದ್ಸಲ ಒಳಗೆ ಸಿಕ್ಕಾಕೊಂಡ ಬೆಕ್ಕಿಗೆ ಅದು ಅಡಗುತಾಣ ಅಲ್ಲ, ಬೋನು. ನೆಂಟರ ಕಣ್ಣಿಗೆ ಚೆಂದ ಕಾಣ್ಬೇಕು ಅಂದ್ರೆ ಬಾಗಿಲಲ್ಲೇ ದುಂಡು ತೂತು ಕೊರೆದು, ಬಾಗಿಲನ್ನ ಸ್ಕ್ರೂ ಹಾಕಿ ಶಾಶ್ವತವಾಗಿ ಕೂರಿಸಿಬಿಡಿ, ಹೊರಗಿಂದ ಶೋಕೇಸ್ ಥರಾನೇ ಇರತ್ತೆ.

ಒಳಗೆ ಏನು ಹಾಸ್ಬೇಕು? ಕೌದಿ ಆಗತ್ತಾ?

ಕೌದಿ ಬಹಳ ಚೆಂದ, ಹಳೇ ಸೀರೆ ಪದರ ಪದರ ಇರೋದ್ರಿಂದ ಬೆಚ್ಚಗೂ ಇರತ್ತೆ, ತೊಳೆಯೋಕೂ ಆಗತ್ತೆ. ಆದ್ರೆ ಸವೆದ ಕೌದಿಯ ಹೊಲಿಗೆ ದಾರ ಎದ್ದು ಬರ್ತಿದ್ರೆ ಬೇಡ. ಬೆಕ್ಕಿನ ನಾಲಿಗೆ ಮೇಲೆ ಗಂಟಲ ಕಡೆ ಬಾಗಿದ ಮುಳ್ಳುಗಳಿರ್ತವೆ, ದಾರ ಬಾಯಿಗೆ ಹೋದ್ರೆ ಉಗುಳೋಕಾಗಲ್ಲ, ನುಂಗ್ತಾ ಹೋಗತ್ತೆ, ಅದು ಕರುಳನ್ನ ಸುಕ್ಕು ಹಿಡಿಸಿ ಆಪರೇಷನ್ ತನಕ ಹೋಗತ್ತೆ. ಕುಚ್ಚು, ಜರಿ, ಎಲಾಸ್ಟಿಕ್ ಇರೋ ಬಟ್ಟೇನೂ ಇದಕ್ಕೇ ಬೇಡ. ಚಳಿಗಾಲಕ್ಕೆ ಕೆಳಗೆ ಕಂಬಳಿ, ಮೇಲೆ ಕಾಟನ್. ಎರಡು ಸೆಟ್ ಇಟ್ಕೊಂಡು ಬದಲಾಯಿಸ್ತಾ ಇರಿ, ಬಿಸಿನೀರಲ್ಲಿ ತೊಳೆದ್ರೆ ಚಿಗಟದ ಕಾಟ ಕಮ್ಮಿ. ತೊಳೆದಾಗ ಕಂಬಳಿ, ಕಾಟನ್ ಎರಡನ್ನೂ ಒಟ್ಟಿಗೆ ಬದಲಾಯಿಸ್ಬೇಡಿ, ಒಂದರಲ್ಲಾದ್ರೂ ಅದರದ್ದೇ ವಾಸನೆ ಉಳೀಲಿ.

ಟೇಬಲ್ ಕಾಲಿಗೆ ಪರಚೋ ಹಗ್ಗ ಸುತ್ಬೇಕು, ಎಷ್ಟು ಮೀಟರ್ ತರ್ಲಿ? ಯಾವ ಹಗ್ಗ?

ಕತ್ತಾಳೆ ನಾರಿನ ಹಗ್ಗ ಮೊದಲ ಆಯ್ಕೆ. ತೆಂಗಿನ ನಾರಿಂದು ಎಲ್ಲಾ ಕಡೆ ಸಿಗತ್ತೆ, ಬೆಕ್ಕಿಗೂ ಇಷ್ಟ, ಆದ್ರೆ ನಾರು ಉದುರಿ ದಿನಾ ಗುಡಿಸ್ಬೇಕು. ನೈಲಾನ್ ಬೇಡ, ಉಗುರು ಸಿಕ್ಕಾಕೊಳತ್ತೆ. ಲೆಕ್ಕ ಹೀಗೆ: ಕಾಲು 5 ಸೆಂ.ಮೀ. ಚೌಕ ಅಂದ್ರೆ ಒಂದು ಸುತ್ತಿಗೆ 20 ಸೆಂ.ಮೀ.; 8 ಎಂ.ಎಂ. ಹಗ್ಗದಲ್ಲಿ 60 ಸೆಂ.ಮೀ. ಎತ್ತರ ತುಂಬೋಕೆ 75 ಸುತ್ತು. ಒಟ್ಟು 15 ಮೀಟರ್. 18 ತಗೊಳಿ. ಅಂಟು ಸಾಲು ಸಾಲಾಗಿ ಹಚ್ಚಿ, ಎರಡು ತುದಿಗೆ ಮಾತ್ರ ಮೊಳೆ, ಅದೂ ಬೆಕ್ಕು ಪರಚದ ಹಿಂಭಾಗದಲ್ಲಿ.

ವಾರ್ನಿಷ್ ಹೊಡೆದು ಎಷ್ಟು ದಿನ ಬಿಟ್ಟು ಬೆಕ್ಕನ್ನ ಬಿಡ್ಬೋದು?

ಮುಟ್ಟಿದ್ರೆ ಅಂಟಲ್ಲ ಅನ್ನೋದು ಒಣಗಿದೆ ಅಂತ ಅಲ್ಲ. ಎರಡು ಮೂರು ವಾರ ಗಾಳಿಗೆ ಬಿಡಿ. ಒಳಗಡೆಗೆ ಏನೂ ಹಚ್ಚದೇ ಇರೋದೇ ಒಳ್ಳೇದು, ಹೊರಗಡೆಗೆ ವಾಟರ್ ಬೇಸ್ ಪೇಂಟು ಸಾಕು. ಅಗಸೆ ಎಣ್ಣೆ ಹಚ್ಚೋರಿದ್ರೆ ಎಣ್ಣೆ ಬಟ್ಟೆ ಮುದ್ದೆ ಮಾಡಿ ಎಸೀಬೇಡಿ, ತಾನಾಗೇ ಬೆಂಕಿ ಹತ್ಕೊಳತ್ತೆ, ಹರಡಿ ಹೊರಗೆ ಒಣಗಿಸಿ.

## ಇಡೋ ಜಾಗ

ಎಲ್ಲಿ ಇಟ್ರೆ ಒಳ್ಳೇದು?

ನಿಮ್ಮ ಓಡಾಟ ಕಾಣೋ ಹಾಗೆ, ಆದ್ರೆ ಓಡಾಟದ ದಾರೀಲಲ್ಲ. ವಾಷಿಂಗ್ ಮಷೀನ್, ಮಿಕ್ಸಿ ಪಕ್ಕ ಬೇಡ. ಮಲದ ಟ್ರೇ ಪಕ್ಕ ಅಂತೂ ಬೇಡವೇ ಬೇಡ. ಊಟದ ತಟ್ಟೆ ಒಳಗಿಟ್ರೆ ಇರುವೆ ಸಾಲು ಹಿಡಿಯತ್ತೆ.

ನಮ್ಮದು ಕಲಬುರಗಿ, ಬೇಸಿಗೇಲಿ ಗೂಡಿನ ಹತ್ರಾನೂ ಬರಲ್ಲ. ತೀರ್ಥಹಳ್ಳಿ ತಂಗಿ ಮನೇಲಿ ಮಳೆಗಾಲ ಗೂಡೆಲ್ಲಾ ಬೂಷ್ಟು ಅಂತೆ.

ಬೆಕ್ಕಿನ ಮೈಗೆ ಹಿತ ಅನ್ಸೋದು 30ರಿಂದ 38 ಡಿಗ್ರಿ, ನಮಗಿಂತ ಜಾಸ್ತಿ, ಅದಕ್ಕೇ ಮಲೆನಾಡಲ್ಲಿ ಬಚ್ಚಲೊಲೆ ಬೂದೀಲಿ ಹೋಗಿ ಮಲಗೋದು. ಕಲಬುರಗಿ, ರಾಯಚೂರಲ್ಲಿ 40 ದಾಟಿದ್ಮೇಲೆ ಅದಕ್ಕೂ ಬೇಕಾಗಿರೋದು ತಣ್ಣನೆ ನೆಲ. ಏಪ್ರಿಲ್, ಮೇನಲ್ಲಿ ಹಾಸಿಗೆ ತೆಗೆದು ಒಳಗೊಂದು ಶಹಾಬಾದ್ ಕಲ್ಲಿನ ತುಂಡು ಇಡಿ, ಹಿಂದಿನ ಪ್ಲೈ ಬಿಚ್ಚಿ ಗಾಳಿ ಆಡಿಸಿ.

ತೀರ್ಥಹಳ್ಳಿ ಕಡೆ ಇದರ ಉಲ್ಟಾ. ಗೂಡಿಗೆ ನಾಕು ಕಾಲು ಹಾಕಿ ನೆಲದಿಂದ ಎತ್ತಿಡಿ, ಗೋಡೆಯಿಂದ ನಾಕು ಬೆರಳು ದೂರ, ಪಾರ್ಟಿಕಲ್ ಬೋರ್ಡ್ ಅಲ್ಲಿ ಬೇಡ. ಹಾಸಿಗೆ ಒಲೆ ಮೇಲಿನ ಅಟ್ಟದಲ್ಲಿ ಒಣಗಿಸಿ, ಹೊಗೆ ವಾಸನೆ ಬಂದ್ರೂ ಬೂಷ್ಟಿಗಿಂತ ವಾಸಿ.

ಎರಡು ಬೆಕ್ಕಿದಾವೆ, ಒಂದು ಗೂಡು ಸಾಕಾ?

ಒಂದೇ ಹೊಟ್ಟೇಲಿ ಹುಟ್ಟಿ ತಬ್ಕೊಂಡು ಮಲಗೋವಾದ್ರೆ ಸಾಕು. ಇಲ್ಲಾಂದ್ರೆ ಎರಡು, ಅದೂ ಬೇರೆ ಬೇರೆ ರೂಮಲ್ಲಿ. ಪ್ರತಿ ಗೂಡಿಗೂ ಎರಡು ದಾರಿ ಇರ್ಲಿ, ಒಂದೇ ಇದ್ರೆ ಜೋರು ಬೆಕ್ಕು ಬಾಗಿಲಲ್ಲಿ ಕೂತು ಇನ್ನೊಂದನ್ನ ಒಳಗೇ ಹೆದರಿಸಿ ಇಡತ್ತೆ.

ಎಲ್ಲಾ ಮಾಡಾಯ್ತು, ಮೂಸಿ ನೋಡಿ ಹೋಗ್ಬಿಡತ್ತೆ. ಒಳಗೆ ಹಾಕಿ ಅಭ್ಯಾಸ ಮಾಡ್ಸ್ಲಾ?

ಎತ್ತಿ ಒಳಗೆ ಹಾಕಿದ್ರಿ ಅಂದ್ರೆ ಕೆಡಿಸಿದ್ರಿ. ಅದು ಮಲಗೋ ಬಟ್ಟೆ ಅಥವಾ ನಿಮ್ಮ ಬೆವರಿನ ಬನಿಯನ್ ಒಳಗೆ ಹಾಕಿ ಸುಮ್ಮನಿರಿ. ಇನ್ನೊಂದು ಉಪಾಯ, ನಮ್ಮ ಖಾಲಿ ಸೈಟುಗಳಲ್ಲಿ ಬೆಳೆಯೋ ಕುಪ್ಪಿಗಿಡ. ಬೇರು ಸಮೇತ ಕಿತ್ತು ಬೇರನ್ನ ಗೂಡಿನ ಬಾಯಿಗೆ ಉಜ್ಜಿ, ಎಷ್ಟೋ ಬೆಕ್ಕುಗಳು ಆ ಬೇರಿನ ವಾಸನೆಗೆ ಬಿದ್ದು ಹೊರಳಾಡ್ತವೆ. ತಿನ್ನೋಕೆ ಬಿಡ್ಬೇಡಿ, ಉಜ್ಜಿ ಗಿಡ ಎಸೀರಿ. ಕೆಲವಕ್ಕೆ ಏನೂ ಆಗಲ್ಲ, ಅದೂ ಮಾಮೂಲು.

ಬಾಡಿಗೆ ಮನೆ, ಗೋಡೆಗೆ ಮೊಳೆ ಹೊಡೆಯೋ ಹಾಗಿಲ್ಲ.

ಸೊಂಟಕ್ಕಿಂತ ಎತ್ತರದ ಸಾಮಾನು ಇಡ್ಬೇಡಿ, ಕೆಳಗಿನ ಡ್ರಾಯರಲ್ಲಿ ಎರಡು ಇಟ್ಟಿಗೆ ಹಾಕಿ. ಸ್ವಂತ ಮನೆಯೋರು ಎಲ್ ಕ್ಲಾಂಪ್ ಹಾಕಿ ಗೋಡೆಗೆ ಬಿಗೀರಿ.

## ತಲೆನೋವಿನ ಪ್ರಶ್ನೆಗಳು

ಬೆಕ್ಕು ಮರಿ ಹಾಕೋಕ್ಕಿದೆ, ಇದೇ ಗೂಡಲ್ಲಿ ಹಾಕತ್ತಾ?

ಹಾಕ್ಬೋದು, ಹಾಕಿ ಮೂರನೇ ದಿನ ನಿಮ್ಮ ಬಟ್ಟೆ ಕಪಾಟಿಗೆ ಸಾಗಿಸ್ಲೂಬೋದು, ಏಳು ಮನೆ ಸುತ್ತತ್ತೆ ಅಂತ ಸುಮ್ನೆ ಹೇಳಲ್ಲ. ಬಸಿರು ಸುಮಾರು 63ರಿಂದ 65 ದಿನ, ಕೊನೆ ಎರಡು ವಾರಕ್ಕೆ ಮುಂಚೆನೇ ಗೂಡು ರೆಡಿ ಇರ್ಲಿ. ಬಾಗಿಲ ಹೊಸ್ತಿಲು 12ರಿಂದ 15 ಸೆಂ.ಮೀ. ಎತ್ತರ ಮಾಡಿ, ತಾಯಿ ದಾಟತ್ತೆ, ಕಣ್ಣು ಬಿಡದ ಮರಿ ಉರುಳಿ ಆಚೆ ಬೀಳಲ್ಲ. ಮರಿಗಳಿಗೆ ಮೊದಲ ವಾರಗಳಲ್ಲಿ ಮೈ ಬಿಸಿ ಕಾಯ್ದುಕೊಳೋ ಶಕ್ತಿ ಇರಲ್ಲ, ಟ್ರಂಕು ಬಳಸ್ತಿದ್ರೆ ತಳಕ್ಕೆ ಕಂಬಳಿ ಕಡ್ಡಾಯ. ಅಕ್ಕಪಕ್ಕದ ಮನೆ ಮಕ್ಕಳನ್ನೆಲ್ಲಾ ಕರೆದು ತೋರಿಸ್ಬೇಡಿ, ಜಾಗ ಬದಲಾಯಿಸೋಕೆ ಅದೇ ಮೊದಲ ಕಾರಣ.

ದೀಪಾವಳಿ ಪಟಾಕಿಗೆ ಏನ್ಮಾಡೋದು?

ಹಬ್ಬಕ್ಕೆ ಒಂದು ವಾರ ಮುಂಚೆನೇ ಗೂಡನ್ನ ರಸ್ತೆ ಕಡೆ ಕಿಟಕಿ ಇಲ್ದಿರೋ ರೂಮಿಗೆ ಸರಿಸಿ, ಆ ದಿನ ಸರಿಸ್ಬೇಡಿ. ಗೂಡಿನ ಬಾಯಿ ಮುಚ್ಚದ ಹಾಗೆ ಮೇಲೊಂದು ದಪ್ಪ ರಜಾಯಿ ಹೊದಿಸಿ. ಫ್ಯಾನ್ ಜೋರಾಗಿ ಹಾಕಿ. ಎಳೆದು ಮುದ್ದಿಸೋಕೆ ಹೋಗ್ಬೇಡಿ, ನೀರು, ಟ್ರೇ ಅದೇ ರೂಮಲ್ಲಿಡಿ.

ವಯಸ್ಸಾಗಿದೆ, ಹಾರೋಕಾಗಲ್ಲ.

ಹೊಸ್ತಿಲು 5 ಸೆಂ.ಮೀ.ಗೆ ಇಳಿಸಿ, ಹಳೇ ಕಾಲ್ಮಣೆನೋ ಮಣೆನೋ ಮೆಟ್ಟಿಲಿಗೆ ಇಟ್ಟು ಗೋಣಿ ಅಂಟಿಸಿ, ಕಾಲು ಜಾರಲ್ಲ.

ಗೂಡು ಇಷ್ಟ ಆಗಿದೆ ಅಂತ ಖುಷಿಪಟ್ವಿ, ಈಗ ಆಚೇನೇ ಬರ್ತಿಲ್ಲ. ಇದು ಸರಿನಾ?

ಊಟದ ಹೊತ್ತಿಗೆ ಬಂದು ತಿಂದು ಹೋಗ್ತಿದ್ರೆ ಸರಿ. ಒಂದು ದಿನ ಪೂರ್ತಿ ಏನೂ ತಿಂದಿಲ್ಲ ಅಂದ್ರೆ ಡಾಕ್ಟರ್ ಹತ್ರ ಹೋಗಿ, ಬೆಕ್ಕು ಉಪವಾಸ ಬಿದ್ರೆ ಲಿವರಿಗೆ ಕೊಬ್ಬು ತುಂಬ್ಕೊಳತ್ತೆ, ಅದರಲ್ಲೂ ದಪ್ಪ ಇದ್ರೆ. ಗಂಡು ಬೆಕ್ಕು ಟ್ರೇಲಿ ಮತ್ತೆ ಮತ್ತೆ ಕೂತು ಮೂತ್ರ ಬರ್ದೇ ವಾಪಸ್ ಗೂಡಿಗೆ ಹೋಗ್ತಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ಆ ರಾತ್ರಿನೇ ಹೋಗಿ.

ಹೋಗ್ಬೇಕು, ಸರಿ, ಆದ್ರೆ ಗೂಡಿಂದ ಆಚೆ ತೆಗೆಯೋಕೆ ಕೈ ಹಾಕಿದ್ರೆ ಕಚ್ಚತ್ತೆ!

ಅದಕ್ಕೇ ಗೂಡು ಮಾಡೋವಾಗ ಮೇಲಿನ ಹಲಗೆಗೆ ಮೊಳೆ, ಅಂಟು ಹಾಕ್ಬೇಡಿ. ಹೊರಗಿಂದ ಬಿಚ್ಚೋಕೆ ಬರೋ ಹಾಗೆ ನಾಕು ಸ್ಕ್ರೂ, ಅಥವಾ ಭಾರಕ್ಕೇ ಕೂರೋ ಹಾಗೆ ಒಳಗಡೆ ಪಟ್ಟಿ ಕೊಡಿ. ತುರ್ತಿಗೆ ಸೂರು ಎತ್ತಿ, ಮೇಲಿಂದ ದಪ್ಪ ಟವೆಲ್ ಹಾಕಿ ಬೆಕ್ಕನ್ನ ಹಾಸಿಗೆ ಸಮೇತ ಸುತ್ತಿ ಎತ್ತಿ, ಬೆಕ್ಕನ್ನ ಸಾಗಿಸೋ ಕ್ಯಾರಿಯರಿಗೆ ಇಳಿಸಿ. ಸ್ಕ್ರೂಡ್ರೈವರನ್ನ ಗೂಡಿನ ಹಿಂದೇನೇ ಟೇಪ್ ಹಾಕಿ ಅಂಟಿಸಿಡಿ.